ಕಾತ್ಯಾಯಿನಿಗೊಂದು ಕರೆಂಟ್ ಪೆಟ್ಟಿಗೆ

ನನ್ನ ಅಂಗಡಿಗೆ ಬಂದು ಬ್ಯಾಟರಿ ಕೇಳುವವರು ಮೊದಲು ಬೆಲೆ ಕೇಳುವುದಿಲ್ಲ. "ಇಂದಕ್ಕಾ, ಇದನ್ನ ಯಾರ ಮನೇಲಿ ತುಂಬ್ಸಿದ್ದು?" ಎಂದು ಕೇಳುತ್ತಾರೆ. ಯಾರ ಮನೆಯಲ್ಲೂ ಇಲ್ಲ, ನಾನು ಖಾಲಿ ಮಾರುವವಳು, ನಿಮ್ಮ ಮನೆಗೆ ಒಯ್ದು ನೀವೇ ತುಂಬಿಸಿಕೊಳ್ಳಿ ಎಂದು ನಾನು ದಿನಾ ಗಂಟಲು ಹರಿದುಕೊಳ್ಳಬೇಕು. ಊರಿಗೆ ಹೊಸಬರು ಯಾರಾದರೂ ಈ ಮಾತು ಕೇಳಿಸಿಕೊಂಡರೆ ನಮ್ಮ ಮುಖವನ್ನು ಮಿಕಿಮಿಕಿ ನೋಡುತ್ತಾರೆ. ಒಂದು ವಾರ ಇಲ್ಲಿದ್ದರೆ ಅವರೂ ಅದೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ತಂತಿಯಲ್ಲಿ ಹರಿಯುವಾಗ ನಮ್ಮೂರಿನ ಕರೆಂಟಿಗೆ ಯಾವ ಗುಣವೂ ಇಲ್ಲ. ಎಲ್ಲ ಊರಿನ ಕರೆಂಟಿನ ಹಾಗೆಯೇ ಬರುತ್ತದೆ, ಹೇಳದೆ ಕೇಳದೆ ಹೋಗುತ್ತದೆ. ಆದರೆ ಒಂದು ಬ್ಯಾಟರಿಯೊಳಗೆ ಹೋಗಿ ಕೂತಿತೋ, ಆ ಮನೆಯ ಗುಣ ಅದಕ್ಕೆ ಹತ್ತುತ್ತದೆ. ಅತ್ತೆ ಸೊಸೆ ಮಾತು ಬಿಟ್ಟ ಮನೆಯಲ್ಲಿ ತುಂಬಿಸಿದ ಎಮರ್ಜೆನ್ಸಿ ಲೈಟಿನಲ್ಲಿ ಒಂದು ಟ್ಯೂಬು ಹೊತ್ತಿದರೆ ಇನ್ನೊಂದು ಹೊತ್ತುವುದಿಲ್ಲ. ಜಿಪುಣರ ಮನೆಯಲ್ಲಿ ಚಾರ್ಜ್ ಆದ ಫೋನು ಎರಡು ಮಾತಿಗೇ ಕಟ್ಟಾಗುತ್ತದೆ. ಕ್ಷೌರದಂಗಡಿಯ ಸಿದ್ಧಲಿಂಗ ಒಮ್ಮೆ ತನ್ನ ಮಷಿನ್ನನ್ನು ಮಾವನ ಮನೆಯಲ್ಲಿ ತುಂಬಿಸಿಕೊಂಡು ಬಂದು, ಆ ದಿನ ಕೂತ ಗಿರಾಕಿಗಳಿಗೆಲ್ಲ ಅರ್ಧರ್ಧ ಮೀಸೆ ಉಳಿಸಿ ಕಳಿಸಿದ್ದ. ಆ ಮನೆಯಲ್ಲಿ ಹಿಡಿದ ಕೆಲಸ ಮುಗಿಸಿದವರು ಯಾರೂ ಇಲ್ಲ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ಕಾಫಿ ಮುಗಿಸಿ, "ಒಂದು ಟಾರ್ಚ್ ಬಿಟ್ಟು ಹೋಗಿರ್ತೀವಿ, ನಾಳೆ ಬಂದು ತಗೊಳ್ತೀವಿ" ಎನ್ನುತ್ತಾರೆ. ಹೆಣ್ಣಿನ ಕಡೆಯವರೂ ಸುಮ್ಮನಿರುವುದಿಲ್ಲ, ತಮ್ಮದೊಂದು ಟಾರ್ಚ್ ಅವರ ಕೈಗೆ ಕೊಟ್ಟು ಕಳಿಸುತ್ತಾರೆ. ಜಾತಕ ಸರಿಹೊಂದದಿದ್ದರೂ ಹೇಗೋ ನಡೆದುಹೋಗುತ್ತದೆ, ಟಾರ್ಚು ಮಿಣುಕಿದರೆ ಮಾತ್ರ ಸಂಬಂಧ ಅಲ್ಲಿಗೇ ಮುಗಿಯಿತು.

ಅಂಗಡಿಯಲ್ಲಿ ನಾನು ಏನನ್ನೂ ತುಂಬಿಸದಿರುವುದಕ್ಕೂ ಇದೇ ಕಾರಣ. ಇಲ್ಲಿ ತುಂಬಿಸಿದ ದೀಪ ಚೌಕಾಸಿ ಮಾಡುತ್ತದೆ. ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ, ಕೊನೆಗೆ ನಡುವೆ ಎಲ್ಲೋ ಒಪ್ಪಿಕೊಂಡು ನಿಲ್ಲುತ್ತದೆ. ದೊಡ್ಡ ಸಾಮಾನು ಕೊಳ್ಳುವವರಿಗೆ ಮಾತ್ರ ನಮ್ಮಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ತೋರಿಸಲು ಇಟ್ಟುಕೊಂಡ ಒಂದು ಬ್ಯಾಟರಿ ಪೆಟ್ಟಿಗೆಯನ್ನು ಗಿರಾಕಿ ತನ್ನ ಮನೆಗೆ ಒಯ್ದು, ತುಂಬಿಸಿ ತಂದು, ನನ್ನೆದುರಿಗೇ ಬಳಸಿ ನೋಡಬೇಕು. ಆಮೇಲೆಯೇ ವ್ಯಾಪಾರ. ಮನೆಯ ಗುಣಕ್ಕೆ ನನ್ನ ಪೆಟ್ಟಿಗೆಯನ್ನು ಬೈಯುವ ಜನ ಬೇಕಾದಷ್ಟಿದ್ದಾರೆ, ಅದಕ್ಕೇ ಈ ಏರ್ಪಾಡು.

ಹಾಗೆ ಪೆಟ್ಟಿಗೆ ಕೊಳ್ಳಲು ಬಂದವರಲ್ಲಿ ನನ್ನನ್ನು ಹೆಚ್ಚು ಗೋಳಾಡಿಸಿದವಳು ನನ್ನ ಪ್ರಾಣದ ಗೆಳತಿ ಕಾತ್ಯಾಯಿನಿ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳು ಬ್ಲೌಸು ಹೊಲಿಯುತ್ತಾಳೆ, ಊರಿನ ಅರ್ಧ ಹೆಂಗಸರ ಅಳತೆ ಅವಳಿಗೆ ಬಾಯಿಪಾಠ. ಅವಳ ಗಂಡ ವಿರೂಪಾಕ್ಷ ಭಾವ ಶಾಲೆಯ ವ್ಯಾನ್ ಓಡಿಸುತ್ತಿದ್ದವರು. ತಮಾಷೆಯ ಮನುಷ್ಯ. ಶಾಲೆಯವರು ಹಳೆಯ ವ್ಯಾನನ್ನು ಮಾರಿದಾಗ, ಅವರೂ ಕೆಲಸ ಬಿಡುವ ಹೊತ್ತಾಗಿತ್ತು, ವ್ಯಾನನ್ನು ತಾವೇ ಕೊಂಡು ಮನೆಗೆ ತಂದುಬಿಟ್ಟರು. ಸೀಟುಗಳನ್ನು ಕಿತ್ತು ಮಂಚ ಹಾಕಿಸಿದರು, ಒಂದು ಸಣ್ಣ ಕಟ್ಟೆ ಮಾಡಿಸಿ ಒಲೆ ಇಟ್ಟರು, ಕಿಟಕಿಗಳಿಗೆ ಕಾತ್ಯಾಯಿನಿ ಮಿಕ್ಕ ಬ್ಲೌಸ್ ಪೀಸುಗಳನ್ನೆಲ್ಲ ಜೋಡಿಸಿ ಪರದೆ ಹೊಲಿದಳು. ಊರವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಹೊರಗಿನ ಹಳದಿ ಬಣ್ಣ ಮಾತ್ರ ಹಾಗೇ ಇತ್ತು. ಅದು ಬೀದಿಯಲ್ಲಿ ನಿಂತರೆ ಇವತ್ತಿಗೂ ಒಂದೆರಡು ಮಕ್ಕಳು ಬ್ಯಾಗು ಹಾಕಿಕೊಂಡು ಹತ್ತಲು ಬರುತ್ತವೆ.

ಈ ಗಾಡಿಯ ಹಿಂದೆ ಇದ್ದದ್ದು ಕಾತ್ಯಾಯಿನಿಯ ಆಸೆ. ಅವಳಿಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ. ಡಾಕ್ಟರು ಒಂದು ಯಂತ್ರ ಕೊಟ್ಟಿದ್ದಾರೆ. ಕೊಳವೆಯ ತುದಿಯ ಮುಖವಾಡವನ್ನು ಮೂಗಿಗೆ ಕಟ್ಟಿಕೊಂಡು ಮಲಗಿದರೆ ಅದು ಬೆಳಗಿನವರೆಗೆ ಗಾಳಿ ಊದುತ್ತಿರುತ್ತದೆ. ಕರೆಂಟು ಹೋದರೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಅವಳಿಗೆ ಎಚ್ಚರವಾಗುತ್ತದೆ, ಅಲ್ಲಿಗೆ ಅವಳ ನಿದ್ದೆ ಮುಗಿಯಿತು. ಆ ಯಂತ್ರ ಬಂದಂದಿನಿಂದ ಅವಳು ಗೋಡೆಯ ಪ್ಲಗ್ಗು ಬಿಟ್ಟು ಬೇರೆಡೆ ಮಲಗಿದವಳಲ್ಲ. ತಂಗಿಯ ಮಗಳ ಮದುವೆಗೂ ಧಾರೆ ಮುಗಿಸಿಕೊಂಡು ಸಂಜೆ ಬಸ್ಸಿಗೇ ವಾಪಸು ಬಂದಳು.

"ದೇವರು ದಿಂಡರು ಏನೂ ಬೇಡ ಇಂದು," ಎಂದಿದ್ದಳು ಒಮ್ಮೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚುತ್ತ. "ಗೊತ್ತಿಲ್ದಿರೋ ಜಾಗದಲ್ಲಿ ಒಂದು ಸಲ ಬೆಳಗಾಗ್ಬೇಕು ಅಷ್ಟೆ. ಎದ್ದು, ಹಲ್ಲುಜ್ಜಕ್ಕೆ ನೀರೆಲ್ಲಿದೆ ಅಂತ ಹುಡುಕ್ಬೇಕು. ಪಕ್ಕದಲ್ಲಿ ಹೋಗೋರನ್ನ ಇಲ್ಲಿ ಹಾಲು ಎಲ್ಲಿ ಸಿಗುತ್ತೆ ಅಂತ ಕೇಳ್ಬೇಕು."

ಇಷ್ಟು ಸಣ್ಣ ಆಸೆಯನ್ನು ಇಷ್ಟು ದೊಡ್ಡ ಕಣ್ಣು ಮಾಡಿಕೊಂಡು ಹೇಳುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಅಂದೇ ಪೇಟೆಯ ಕಂಪನಿಗೆ ಫೋನು ಮಾಡಿ ಎರಡು ಪವರ್ ಸ್ಟೇಷನ್, ಅಂದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ದೊಡ್ಡ ಬ್ಯಾಟರಿಗಳನ್ನು, ತರಿಸಿದೆ. ನಮ್ಮವರ ಬಾಯಲ್ಲಿ ಅವು ಕರೆಂಟ್ ಪೆಟ್ಟಿಗೆಗಳು. ಒಂದು ಚಿಕ್ಕದು, ಊಟದ ಕ್ಯಾರಿಯರ್ ಹಿಡಿದ ಹಾಗೆ ಒಂದೇ ಕೈಯಲ್ಲಿ ಹಿಡಿದು ನಡೆಯಬಹುದು. ಇನ್ನೊಂದು ದೊಡ್ಡದು, ಅದಕ್ಕೆ ಚಕ್ರಗಳಿವೆ, ಗಾಡಿಗೆ ಹತ್ತಿಸಬೇಕೆಂದರೆ ಇಬ್ಬರು ಬೇಕು.

ಜಗಳ ಅಲ್ಲಿಂದಲೇ ಶುರುವಾಯಿತು. ಭಾವ ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯನ್ನು ಮನೆಗೆ ಒಯ್ದು, ಪರೀಕ್ಷೆಗೆ ಕೂರುವವರ ಹಾಗೆ ಓದಿಕೊಂಡು ಬಂದಿದ್ದರು.

"ಇಂದಮ್ಮ, ಇದು ಪ್ಯೂರ್ ಸೈನ್ ವೇವ್, ಅಂದ್ರೆ ಏರುಪೇರಿಲ್ದೆ ಬರೋ ಕರೆಂಟು ತಾನೆ? ಇಲ್ದಿದ್ರೆ ಯಂತ್ರ ಸುಟ್ಟು ಹೋಗುತ್ತಂತೆ."

"ಎರಡೂ ಅದೇ ಭಾವ."

"ಹಾಗಿದ್ರೆ ದೊಡ್ಡದೇ ಕೊಡಿ. ಎಷ್ಟು ದೊಡ್ಡದಿದ್ರೂ ನನಗೆ ಚಿಕ್ಕದೇ. ನಡುವೆ ಖಾಲಿ ಆಗ್ಬಿಟ್ರೆ?"

"ಖಾಲಿ ಆಗಲ್ಲ," ಎಂದಳು ಕಾತ್ಯಾಯಿನಿ. "ಯಂತ್ರದಲ್ಲಿ ನೀರು ಬೆಚ್ಚಗೆ ಮಾಡೋ ಭಾಗ ಇದೆಯಲ್ಲ, ಕರೆಂಟು ಕುಡಿಯೋದು ಅದೇ. ಅದನ್ನ ಬಂದ್ ಮಾಡಿದ್ರೆ ಚಿಕ್ಕದು ಬೆಳಗಿನ ತನಕ ಧಾರಾಳ ಬರುತ್ತೆ. ಇಂದೂನೇ ಲೆಕ್ಕ ಹಾಕಿ ಹೇಳಿದ್ದಾಳೆ."

"ಲೆಕ್ಕ ಬೇರೆ, ಉಸಿರು ಬೇರೆ."

"ರೀ, ಇಷ್ಟು ದಿನ ಗೋಡೆಗೆ ಕಟ್ಟಿ ಹಾಕಿದ ಹಾಗೆ ಇದ್ದೆ. ಈಗ ಗೋಡೇನೇ ಹೊತ್ಕೊಂಡು ಹೋಗು ಅಂತೀರಲ್ಲ!"

ನಾನು ಅವಳ ಪರ. ಮಾರುವವಳು ಚಿಕ್ಕದಕ್ಕೆ ವಾದ ಮಾಡುವುದು ವ್ಯಾಪಾರದ ಲಕ್ಷಣವಲ್ಲ, ಗೊತ್ತಿದೆ. ಆದರೆ ಅವಳು ಆ ಚಿಕ್ಕ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ, ಅಂಗಡಿಯ ಬಾಗಿಲ ತನಕ ನಡೆದು, ವಾಪಸು ಬಂದು ಮುಗುಳ್ನಕ್ಕಿದ್ದನ್ನು ನೋಡಿದ ಮೇಲೆ ನಾನೂ ಚಿಕ್ಕದೇ ಸಾಕೆಂದೆ. ತೋರಿಸಲು ಇಟ್ಟಿದ್ದೂ ಚಿಕ್ಕದೇ ಆದ್ದರಿಂದ, ಮೊದಲು ಅದನ್ನು ಮನೆಯಲ್ಲಿ ತುಂಬಿಸಿ ತನ್ನಿ, ನೋಡೋಣ ಎಂದೆ. ಅವರ ಮನೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಮ್ಮ ಬೀದಿಯಲ್ಲಿ ಅಷ್ಟು ನಗುವ ಗಂಡ ಹೆಂಡತಿ ಬೇರೆ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಮನೆಗಾಡಿ ಅಂಗಡಿಯ ಪಕ್ಕದ ಹೊಂಗೆ ಮರದ ಕೆಳಗೆ ಬಂದು ನಿಂತಿತು. ರಾತ್ರಿಯೆಲ್ಲ ಮನೆಯಲ್ಲಿ ತುಂಬಿಸಿದ ಪೆಟ್ಟಿಗೆಗೆ ಯಂತ್ರ, ಒಂದು ಸಣ್ಣ ದೀಪ, ಒಂದು ಸಣ್ಣ ಫ್ಯಾನು ಜೋಡಿಸಿದೆವು. ಕಾತ್ಯಾಯಿನಿ ಮುಖವಾಡ ಕಟ್ಟಿಕೊಂಡು ಮಲಗಿದಳು. ಬ್ಯಾಟರಿ ಪರೀಕ್ಷೆ ಎಂದರೆ ನಮ್ಮಲ್ಲಿ ಕರೆಯದೆ ಬರುವವರಿದ್ದಾರೆ. ಸಿದ್ಧಲಿಂಗ ಕತ್ತರಿ ಕೈಯಲ್ಲೇ ಹಿಡಿದು ಬಂದ. ಮದುವೆಗಳಿಗೆ ಬ್ಯಾಂಡ್ ಬಾರಿಸುವ ಮುನಿವೆಂಕಟಪ್ಪನವರೂ ಬಂದು ಹೊಂಗೆಯ ಬೇರಿನ ಮೇಲೆ ಕೂತರು.

ಕಾತ್ಯಾಯಿನಿ ದೀಪದ ಸ್ವಿಚ್ಚು ಒತ್ತಿದಳು. ದೀಪ ಆರಿತು. ಅವಳು ಕಣ್ಣು ಮುಚ್ಚಿದ್ದೇ ತಡ, ತಾನಾಗಿ ಹೊತ್ತಿಕೊಂಡಿತು. ಮತ್ತೆ ಆರಿಸಿದಳು, ಮತ್ತೆ ಹೊತ್ತಿತು. ಅತ್ತಿತ್ತ ತಿರುಗಬೇಕಾದ ಫ್ಯಾನು ಅವಳ ಕಡೆಗೆ ತಿರುಗಿ ಅಲ್ಲೇ ನಿಂತುಬಿಟ್ಟಿತು. ಯಂತ್ರ ಒಂದು ಸಲ ಗಾಳಿ ಊದುವುದು, ಆಮೇಲೆ ಕಿವಿಗೊಟ್ಟು ಕೇಳಿಸಿಕೊಳ್ಳುವವರ ಹಾಗೆ ಸುಮ್ಮನಾಗುವುದು, ಮತ್ತೆ ಗಾಬರಿಯಿಂದ ಜೋರಾಗಿ ಊದುವುದು. ಸ್ವಲ್ಪ ಹೊತ್ತು ಸಹಿಸಿಕೊಂಡು ಅವಳು ಮುಖವಾಡ ಕಿತ್ತು ಎದ್ದು ಕೂತಳು.

"ಇದು ನಿದ್ದೆಗೆಟ್ಟಿರೋ ಕರೆಂಟು," ಎಂದ ಸಿದ್ಧಲಿಂಗ ಕಿಟಕಿಯಲ್ಲಿ ಮೂಗು ತೂರಿಸಿ.

"ನಮ್ಮನೇಲಿ ನಿದ್ದೆಗೆಡೋರು ಯಾರಪ್ಪ?" ಎಂದಳು ಕಾತ್ಯಾಯಿನಿ. "ನಾನು ಮುಖವಾಡ ಕಟ್ಕೊಂಡ್ರೆ ಬೆಳಗಿನ ತನಕ ಕದಲಲ್ಲ. ಇವರು ದಿಂಬಿಗೆ ತಲೆ ಇಟ್ರೆ ಗೊರಕೆ. ನನ್ನ ಗೊರಕೆ ನಿಂತು ಇವರಿಗೆ ಹಿಡ್ಕೊಂಡಿದೆ."

ನಾನು ಭಾವನ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ, ಸ್ವಲ್ಪ ಬಾಗಿ, ಒಂದು ಕಿವಿ ಒಳಗೆ ಮಾಡಿ ನಿಂತಿದ್ದರು. ನಗುತ್ತಿರಲಿಲ್ಲ. ಯಂತ್ರ ಸುಮ್ಮನಾದಾಗ ಹೇಗಿತ್ತೋ ಹಾಗೇ ನಿಂತಿದ್ದರು. ಕಾತ್ಯಾಯಿನಿಯೂ ಅವರನ್ನೇ ನೋಡುತ್ತಿದ್ದಳು.

"ರೀ, ನೀವು ರಾತ್ರಿ ಮಲಗ್ತೀರಿ ತಾನೆ?"

"ಮಲಗ್ದೆ ಇನ್ನೇನು ಮಾಡ್ತೀನಿ? ಚೆನ್ನಾಗೇ ಮಲಗ್ತೀನಿ."

ದೀಪ ಭಗ್ಗನೆ ಉರಿಯಿತು. ಮಧ್ಯಾಹ್ನದ ಬಿಸಿಲಿನಲ್ಲೂ ಪರದೆಯ ಬಣ್ಣಗಳೆಲ್ಲ ರಸ್ತೆಯ ಮೇಲೆ ಬಿದ್ದವು.

"ನಿಜ ಹೇಳಿ."

"ನಿಜಾನೇ ಕಣೆ, ಗೊರಕೆ ಕೇಳಲ್ವಾ ನೀನು?"

ದೀಪ ಇನ್ನೂ ಜೋರಾಯಿತು. ನಿಂತವರೆಲ್ಲ ಮೊದಲು ದೀಪವನ್ನು, ಆಮೇಲೆ ಭಾವನನ್ನು ನೋಡಿದರು. ಮುನಿವೆಂಕಟಪ್ಪನವರು ದೊಡ್ಡ ಮನುಷ್ಯ, "ಬನ್ರಪ್ಪ, ಕಾಫಿ ಕುಡಿಯೋಣ" ಎಂದು ಸಿದ್ಧಲಿಂಗನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ನಾನೂ ಹೋಗಬೇಕಿತ್ತು. ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ನನ್ನ ಕಾಲು ಕದಲುವುದಿಲ್ಲ.

ಭಾವ ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು.

"ಆವತ್ತು ನಿನ್ನ ಉಸಿರು ನಿಂತಿತ್ತು ಕಾತ್ಯಾ. ಯಂತ್ರ ಬರೋದಕ್ಕೆ ಮುಂಚೆ. ಈಗ ಬರುತ್ತೆ ಈಗ ಬರುತ್ತೆ ಅಂತ ಕಾಯ್ತಾ ಇದ್ದೆ, ಬರ್ಲೇ ಇಲ್ಲ. ಹಿಡ್ಕೊಂಡು ಅಲ್ಲಾಡಿಸ್ಬಿಟ್ಟೆ. ಆಮೇಲೆ ಬಂತು. ನಾನು ಎಚ್ಚರ ಇದ್ದಿದ್ದಕ್ಕೆ ಸರಿಹೋಯ್ತು, ಮಲಗಿದ್ದಿದ್ರೆ?"

"ಅದಕ್ಕೇ ಯಂತ್ರ ಬಂತಲ್ಲ?"

"ಯಂತ್ರಕ್ಕೇನು ಗೊತ್ತು?"

"ಗೊರಕೆ?"

"ನಿನಗೆ ನಿದ್ದೆ ಹತ್ತೋ ತನಕ ಹೊಡೀತೀನಿ. ನಾನು ಎದ್ದಿದ್ದೀನಿ ಅಂತ ಗೊತ್ತಾದ್ರೆ ನೀನೂ ಮಲಗಲ್ಲ."

ಇಷ್ಟು ದಿನ ನಿದ್ದೆ ಎಲ್ಲಿ ಮಾಡುತ್ತಿದ್ದರು ಎಂದು ಬಾಯಿ ತಡೆಯದೆ ನಾನೇ ಕೇಳಿದೆ. ಮಕ್ಕಳನ್ನು ಇಳಿಸಿ, ಶಾಲೆಯ ಹಿಂದೆ ನೆರಳಿಗೆ ವ್ಯಾನು ನಿಲ್ಲಿಸಿ, ಸಂಜೆಯ ಬೆಲ್ಲು ಹೊಡೆಯುವ ತನಕ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ, ಗಾಡಿಗೆ ಮಂಚ ಮಾಡಿಸುತ್ತೇನೆಂದು ಹೇಳಿ ಗ್ಯಾರೇಜಿಗೆ ಹೋಗಿ, ಅಲ್ಲಿ ಅಷ್ಟಿಷ್ಟು. ಎರಡು ಹಲಗೆ ಹೊಡೆಯಲು ಅಷ್ಟು ತಿಂಗಳು ಯಾಕೆ ಹಿಡಿಯಿತೆಂದು ನನಗೆ ಆಗ ತಿಳಿಯಿತು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಕಾತ್ಯಾಯಿನಿ ನಗಲೂ ಇಲ್ಲ, ಬೈಯಲೂ ಇಲ್ಲ. ಯಂತ್ರದ ಕೊಳವೆಯನ್ನು ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿದಳು. "ಗಾಡಿ ಮಾರಿಬಿಡಿ," ಎಂದಳು. "ನಿಮ್ಮ ನಿದ್ದೆ ಕಿತ್ಕೊಂಡು ನಾನು ಊರು ನೋಡ್ಬೇಕಾಗಿಲ್ಲ." ಹಾಗೆ ಹೇಳಿ ಗಾಡಿಯಿಂದಿಳಿದು ನಡೆದುಕೊಂಡೇ ಮನೆಗೆ ಹೋದಳು. ಅವಳ ಬೆನ್ನು ನೋಡುತ್ತ ನನಗೆ ಅಳು ಬಂತು. ಅವಳು ಹೇಳಿದ್ದನ್ನು ಮಾಡುವ ಹೆಂಗಸು, ಗಾಡಿಯನ್ನು ಮಾರಿಸಿಯೇ ಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು.

ಭಾವನಿಗೂ ಗೊತ್ತಿತ್ತು. ಪೆಟ್ಟಿಗೆಯನ್ನು ಎತ್ತಿಕೊಂಡು, "ತಪ್ಪು ನನ್ನ ಮನೇದು ಇಂದಮ್ಮ, ಅವಳದಲ್ಲ. ಒಳ್ಳೆ ಮನೇಲಿ ತುಂಬ್ಸಿದ್ರೆ ಆಯ್ತಲ್ಲ?" ಎಂದರು. ನಮ್ಮೂರಿನವರಿಗೆ ಮಾತ್ರ ಹೊಳೆಯುವ ಉಪಾಯ ಇದು. ತಮ್ಮ ಮನೆಯಲ್ಲಿ ಏನೋ ಸರಿಯಿಲ್ಲವೆಂದರೆ ಅದನ್ನು ಸರಿಮಾಡುವುದಿಲ್ಲ, ಪಕ್ಕದ ಮನೆಯ ಪ್ಲಗ್ಗು ಹುಡುಕುತ್ತಾರೆ. ಬೈಯಬೇಕಾಗಿತ್ತು. ಆದರೆ ನಾನೂ ಇಲ್ಲಿ ಹುಟ್ಟಿ ಬೆಳೆದವಳೇ ಅಲ್ಲವೆ, "ಮುನಿವೆಂಕಟಪ್ಪನವರ ಮನೆ ಆಗ್ಬಹುದು ಭಾವ, ಅಲ್ಲಿ ದುಃಖ ಅನ್ನೋದೇ ಇಲ್ಲ" ಎಂದೆ.

ಅವರ ಮನೆಯಲ್ಲಿ ದುಃಖವಿಲ್ಲದಿರುವುದು ನಿಜ. ಅಣ್ಣ ತಮ್ಮಂದಿರು, ಅವರ ಮಕ್ಕಳು, ಎಲ್ಲರೂ ಬ್ಯಾಂಡಿನವರು. ಒಬ್ಬರು ಬಾರಿಸುತ್ತಿಲ್ಲವೆಂದರೆ ಇನ್ನೊಬ್ಬರು ಊದುತ್ತಿರುತ್ತಾರೆ. ಇದ್ದದ್ದನ್ನು ಖಾಲಿ ಮಾಡಿ ಕಳಿಸಿದ ಪೆಟ್ಟಿಗೆ ಅಲ್ಲಿ ತುಂಬಿ ಬಂತು. ಕಾತ್ಯಾಯಿನಿಯನ್ನು ನಾನು ಕೈಕಾಲು ಹಿಡಿದು ಮತ್ತೆ ಗಾಡಿಗೆ ಕರೆತಂದೆ, ಇದೊಂದು ಸಲ ನೋಡು, ನನ್ನ ಮುಖ ನೋಡಿಯಾದರೂ ಮಲಗು ಎಂದೆ. ಅವಳು ಮುಖವಾಡ ಕಟ್ಟಿಕೊಂಡಳು. ದೀಪ ಮದುವೆ ಮನೆಯ ಲೈಟಿನ ಸರದ ಹಾಗೆ ಮಿಣಮಿಣ ಕುಣಿಯಿತು. ಫ್ಯಾನು ತಲೆಯಾಡಿಸಿತು. ಯಂತ್ರ ಗಾಳಿಯನ್ನು ತಾಳಕ್ಕೆ ಸರಿಯಾಗಿ ಊದತೊಡಗಿತು, ಎರಡು ಉದ್ದ ಮೂರು ಗಿಡ್ಡ, ಎರಡು ಉದ್ದ ಮೂರು ಗಿಡ್ಡ. ಕಾತ್ಯಾಯಿನಿಯ ಹೊಟ್ಟೆ ಕುಣಿಯಲು ಶುರುವಾಯಿತು. ಮೊದಲು ನನಗೆ ಗಾಬರಿಯಾಯಿತು, ಆಮೇಲೆ ನೋಡಿದರೆ ಅವಳು ಮುಖವಾಡದೊಳಗೆ ನಗುತ್ತಿದ್ದಳು. ಎಷ್ಟು ನಕ್ಕಳೆಂದರೆ ಮುಖವಾಡ ಜಾರಿ ಕಿವಿಗೆ ಬಂತು. ಮುನಿವೆಂಕಟಪ್ಪನವರಿಗೆ ಹೆಮ್ಮೆಯೋ ಹೆಮ್ಮೆ.

"ಚೆನ್ನಾಗಿದೆ ಕಣ್ರಪ್ಪ ನಿಮ್ಮನೆ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಆದರೆ ಬೇರೆಯವರ ಸಂತೋಷ ಮೂಗಿಗೆ ಕಟ್ಕೊಂಡು ಎಷ್ಟು ದಿನ ಮಲಗಕ್ಕಾಗುತ್ತೆ?"

ಭಾವ ತಲೆ ತಗ್ಗಿಸಿ ನಿಂತಿದ್ದರು. ಅವರ ಕಣ್ಣ ಕೆಳಗಿನ ಕಪ್ಪನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಕಾತ್ಯಾಯಿನಿಯೂ ಗಮನಿಸಿರಲಿಲ್ಲವೇನೋ, ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ಪೆಟ್ಟಿಗೆಗೆ ಸಿಕ್ಕಿಸಿದ್ದ ಯಂತ್ರ, ದೀಪ, ಫ್ಯಾನು ಎಲ್ಲ ಹಾಗೇ ಓಡಲಿ ಎಂದು ಬಿಟ್ಟಳು. ಮುನಿವೆಂಕಟಪ್ಪನವರ ಮನೆಯ ಉತ್ಸಾಹ ಪೂರ್ತಿ ಖಾಲಿಯಾಗಲು ಸಂಜೆಯಾಯಿತು. ಖಾಲಿ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಗಂಡನ ತೋಳು ಹಿಡಿದು, "ನಡೀರಿ ಮನೆಗೆ" ಎಂದಳು.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಅವರ ಮನೆಗೆ ಹೋದೆ. ಹೋಗದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಬಾಗಿಲು ಒತ್ತಿದರೆ ತೆರೆದುಕೊಂಡಿತು. ನಡುಮನೆಯಲ್ಲಿ ಕಾತ್ಯಾಯಿನಿ ಚಾಪೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಯಾರದೋ ಬ್ಲೌಸು. ಹೊಲಿಗೆ ಯಂತ್ರ ಮುಚ್ಚಿಟ್ಟು, ಸದ್ದಾಗದಂತೆ ಕೈಯಲ್ಲೇ ಅಂಚು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಹಾಸಿಗೆ, ಅದರ ಮೇಲೆ ಭಾವ, ಕಣ್ಣು ಮುಚ್ಚಿಕೊಂಡು. ಅವಳ ಉಸಿರಿನ ಯಂತ್ರ ಯಾರ ಮೂಗಿಗೂ ಇಲ್ಲದೆ ಮೂಲೆಯಲ್ಲಿ ಸುಮ್ಮನೆ ಊದುತ್ತಿತ್ತು. ಪೆಟ್ಟಿಗೆಯ ವೈರು ಅವಳ ಮೊಣಕಾಲಿನ ಪಕ್ಕದಲ್ಲಿತ್ತು, ಆದರೆ ಪ್ಲಗ್ಗಿಗೆ ಹಾಕಿರಲಿಲ್ಲ.

"ಯಾಕೆ ಹಾಕಿಲ್ಲ?" ಎಂದು ಪಿಸುಗುಟ್ಟಿದೆ.

"ಇನ್ನೂ ನಾಟಕ ಆಡ್ತಿದ್ದಾರೆ."

"ಇಲ್ಲಪ್ಪ, ನಿದ್ದೆ ಮಾಡ್ತಿದ್ದೀನಿ," ಎಂದರು ಭಾವ ಕಣ್ಣು ಮುಚ್ಚಿಕೊಂಡೇ.

"ನೋಡಿದೆಯಾ?" ಎಂದಳು ನನಗೆ. ಅವರ ಹಣೆಯ ಮೇಲೆ ಕೈಯಿಟ್ಟಳು. "ರೀ, ಯಾಕೆ ಒದ್ದಾಡ್ತೀರಿ? ನಾನು ಕೂತಿದ್ದೀನಿ. ಎಚ್ಚರ ಇದ್ದೀನಿ. ಎಚ್ಚರ ಇರೋರು ಉಸಿರಾಡ್ತಾನೇ ಇರ್ತಾರೆ, ನೀವು ನೋಡ್ಬೇಕಾಗಿಲ್ಲ. ಯಂತ್ರದ ಸದ್ದೂ ಇದೆ, ಕೇಳ್ತಾ ಇದೆ ತಾನೆ? ಈಗ ನನ್ನ ಸರದಿ."

ನಾನು ಗೋಡೆಗೊರಗಿ ಕೂತೆ. ಎಷ್ಟೋ ಹೊತ್ತಿಗೆ ಭಾವನ ಮುಷ್ಟಿ ಬಿಚ್ಚಿಕೊಂಡಿತು. ಬಾಯಿ ಸ್ವಲ್ಪ ತೆರೆದು, ಕೆನ್ನೆ ಜೋತುಬಿತ್ತು. ಗೊರಕೆ ಬರಲಿಲ್ಲ, ನಿಜವಾದ ನಿದ್ದೆಯಲ್ಲಿ ಆ ಮನುಷ್ಯ ಮಗುವಿನ ಹಾಗೆ ನಿಶ್ಶಬ್ದ. ಕಾತ್ಯಾಯಿನಿ ಆಗ ಮೆಲ್ಲಗೆ ಪ್ಲಗ್ಗು ಸಿಕ್ಕಿಸಿದಳು. ಅಂಚು ಹೊಲಿಯುವುದನ್ನು ಬಿಟ್ಟು ಅವರ ಎದೆಯನ್ನೇ ನೋಡುತ್ತ ಕೂತಳು. ಅದು ಏರುವುದು, ಇಳಿಯುವುದು. ಒಂದು ಸಲ ಏರಲು ಸ್ವಲ್ಪ ತಡವಾಯಿತು, ಅವಳು ಸೂಜಿಯನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಬಾಗಿದಳು. ಎದೆ ಏರಿತು. ಅವಳು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು.

"ಇಷ್ಟು ಹೊತ್ತಿಗೇ ನನಗೆ ಸಾಕಾಯ್ತು ಇಂದು. ಇವರು ದಿನಾ ಇದನ್ನ ಹೇಗೆ ಮಾಡಿದ್ರೋ!"

ಭಾವ ಎಚ್ಚರಗೊಂಡು "ಕಾತ್ಯಾ" ಎಂದು ಗಡಬಡಿಸಿ ಏಳುವಷ್ಟರಲ್ಲಿ ಅವಳು ಪ್ಲಗ್ಗು ಕಿತ್ತಾಗಿತ್ತು. ಎಚ್ಚರದ ಒಂದು ಹನಿಯೂ ಒಳಗೆ ಹೋಗಬಾರದು ಎಂಬ ಹಟ ಅವಳದು. ಎಷ್ಟು ತುಂಬಿದೆಯೆಂದು ತೋರಿಸುವ ಪೆಟ್ಟಿಗೆಯ ಮೇಲಿನ ಗೀಟುಗಳಲ್ಲಿ ಕೆಳಗಿನ ಒಂದೆರಡು ಮಾತ್ರ ಬೆಳಗಿದ್ದವು. ಇಷ್ಟರಲ್ಲಿ ಏನಾಗುತ್ತದೆ, ಇನ್ನೂ ತುಂಬಿಸಿಕೋ ಎಂದೆ. ಸಾಕು, ನೋಡಿಬಿಡೋಣ ಎಂದಳು.

ಮರುದಿನ ಊಟವಾದ ಮೇಲೆ ಮನೆಗಾಡಿ ಮತ್ತೆ ಹೊಂಗೆಯ ಕೆಳಗೆ ನಿಂತಿತು. ಈ ಸಲ ಭಾವನನ್ನು ಕಿಟಕಿಯ ಹೊರಗೆ ನಿಲ್ಲಲು ಅವಳು ಬಿಡಲಿಲ್ಲ, ಒಳಗೆ ಕರೆದು ಪಕ್ಕದಲ್ಲಿ ಮಲಗಿಸಿಕೊಂಡಳು. ನಾನು 'ಏನಾದ್ರೂ ಆದ್ರೆ ಕೂಗು' ಎಂದು ಹೇಳಿ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ. ಅವಳು ಮುಖವಾಡ ಕಟ್ಟಿಕೊಂಡಳು. ಯಂತ್ರ ಊದಲು ಶುರುಮಾಡಿತು. ಅವಸರವಿಲ್ಲ, ತಾಳವಿಲ್ಲ, ಕಿವಿಗೊಡುವುದಿಲ್ಲ. ಮಲಗಿದವರು ಉಸಿರಾಡುವ ಹಾಗೆ, ಅಷ್ಟೆ. ಫ್ಯಾನು ಅವಳ ಕಡೆ ತಿರುಗಿತು, ಆಮೇಲೆ ಭಾವನ ಕಡೆ ತಿರುಗಿತು, ಮತ್ತೆ ಅವಳ ಕಡೆ. ದೀಪದ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ಅದು ಸ್ವಲ್ಪ ಸ್ವಲ್ಪವೇ ಇಳಿದು ತಾನಾಗಿ ಆರಿತು.

ಪರದೆಯ ಸಂದಿನಿಂದ ನೋಡಿದರೆ ಇಬ್ಬರೂ ಮಲಗಿಬಿಟ್ಟಿದ್ದರು. ಶಾಲೆಯ ಹಳೆಯ ವ್ಯಾನಿನಲ್ಲಿ, ಹಾಡಹಗಲಿನಲ್ಲಿ, ಬೀದಿಯ ನಡುವೆ. ಸಿದ್ಧಲಿಂಗ ಬಂದು ಇಣುಕಿ, ತನ್ನ ಅಂಗಡಿಯ ರೇಡಿಯೋ ಆರಿಸಿ ಬಂದ. ಮುನಿವೆಂಕಟಪ್ಪನವರ ತಮ್ಮಂದಿರು ಡ್ರಮ್ಮು ಹೊತ್ತುಕೊಂಡು ಯಾವುದೋ ಮದುವೆಗೆ ಹೊರಟವರು ನನ್ನ ಕೈಸನ್ನೆ ನೋಡಿ ತುದಿಗಾಲಲ್ಲಿ ದಾಟಿದರು. ತರಕಾರಿ ಗಾಡಿಯವಳೊಬ್ಬಳು ಕೂಗಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡಳು. ನಮ್ಮ ಬೀದಿ ಅಷ್ಟು ಸುಮ್ಮನಿದ್ದುದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ವ್ಯಾಪಾರಕ್ಕೆ ಬಂದ ಇಬ್ಬರನ್ನು ನಾಳೆ ಬನ್ನಿ ಎಂದು ಕಳಿಸಿಬಿಟ್ಟೆ.

ಆಗ ಯಂತ್ರ ನಿಂತಿತು. ಫ್ಯಾನೂ ನಿಂತಿತು. ತುಂಬಿದ್ದೇ ಅಷ್ಟು, ಅಷ್ಟೂ ಖಾಲಿಯಾಗಿತ್ತು. ನಾನು ಸ್ಟೂಲಿನಿಂದ ದಡಕ್ಕನೆದ್ದೆ. ಭಾವ ಇನ್ನೇನು ಗಾಬರಿಯಿಂದ ಕೂಗುತ್ತಾರೆ, ಎಲ್ಲ ಮುಗಿಯಿತು, ಗಾಡಿ ಮಾರಿದ ಹಾಗೆಯೇ ಎಂದುಕೊಂಡೆ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಪರದೆ ಸರಿಯಿತು. ಕಾತ್ಯಾಯಿನಿ ಮುಖವಾಡ ಕಳಚಿ ಕೈಯಲ್ಲಿ ಹಿಡಿದುಕೊಂಡು ಕಿಟಕಿಗೆ ಬಂದಳು. ಕೆನ್ನೆಯ ಮೇಲೆ ಪಟ್ಟಿಯ ಗುರುತು, ಕೂದಲು ಕೆದರಿತ್ತು, ಮುಖ ಮಾತ್ರ ತೊಳೆದಿಟ್ಟ ಹಾಗಿತ್ತು.

ಅವಳ ಹಿಂದೆ ಭಾವ ಮಲಗಿಯೇ ಇದ್ದರು. ಅವಳ ಪಕ್ಕದ ಜಾಗ ಖಾಲಿಯಾಗಿದ್ದೂ ಗೊತ್ತಿಲ್ಲ, ಯಂತ್ರ ನಿಂತಿದ್ದೂ ಗೊತ್ತಿಲ್ಲ. ಅವಳ ದಿಂಬನ್ನೂ ಎಳೆದುಕೊಂಡು ತಬ್ಬಿ ಮಲಗಿದ್ದರು.

"ಖಾಲಿ ಆಯ್ತಾ?" ಎಂದೆ ಸನ್ನೆಯಲ್ಲೇ.

ತಲೆಯಾಡಿಸಿದಳು. ಒಮ್ಮೆ ತಿರುಗಿ ಗಂಡನನ್ನು ನೋಡಿದಳು. ಮಡಿಲಲ್ಲಿರುವ ಮಗು ಏಳಬಾರದೆಂದು ಮೆಲ್ಲಗೆ ಮಾತಾಡುವ ತಾಯಂದಿರ ದನಿಯಲ್ಲಿ ಹೇಳಿದಳು.

"ನಾಳೆ ಹೊರಡ್ತೀವಿ ಇಂದು. ದಾರೀಲಿ ಎಲ್ಲಿ ಪ್ಲಗ್ಗು ಸಿಗುತ್ತೋ ಅಲ್ಲಿ ಗಾಡಿ ನಿಲ್ಸಿ, ಒಳಗೇ ಇವರನ್ನ ಮಲಗಿಸ್ತೀನಿ, ತುಂಬಿಸ್ಕೊಳ್ತೀನಿ. ಆದರೆ ಇದು ಬೇಡ."

"ಯಾವುದು?"

ಚಿಕ್ಕ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು.

"ದೊಡ್ಡದೇ ಕೊಡು. ಇವರ ನಿದ್ದೆ ಇದರಲ್ಲಿ ಹಿಡಿಯಲ್ಲ."